ವಿದೇಶಿ ಷೇರು ಫಂಡ್ ಬೇಕೇ? ಮೊದಲು ಕೈಯಲ್ಲಿರುವುದನ್ನು ಎಣಿಸಿ

ಈಗಾಗಲೇ ಇರುವ ಫಂಡ್‌ಗಳ ಫ್ಯಾಕ್ಟ್‌ಶೀಟ್ (ಯಾವ ಷೇರು ಎಷ್ಟಿದೆ ಎಂದು ತೋರಿಸುವ ಮಾಸಿಕ ವಿವರ) ತೆರೆದು ನೋಡಿ. ಪರಾಗ್ ಪಾರಿಖ್ ಫ್ಲೆಕ್ಸಿ ಕ್ಯಾಪ್‌ನಂಥವುಗಳಲ್ಲಿ ಅಮೆರಿಕದ ಷೇರುಗಳೂ ಸೇರಿರುತ್ತವೆ. ಅಂಥ ಫಂಡ್‌ನಲ್ಲಿ 4 ಲಕ್ಷ ಹಾಕಿದ್ದು, ಅದರ ವಿದೇಶಿ ಪಾಲು ಶೇ 12 ಇದ್ದರೆ ಹೊರದೇಶದಲ್ಲಿರುವ ನಿಮ್ಮ ಹಣ 48,000 ರೂಪಾಯಿ. ಒಟ್ಟು ಹೂಡಿಕೆ 10 ಲಕ್ಷವಾದರೆ ಅದು ಶೇ 5ಕ್ಕೂ ಕಡಿಮೆ. ಇದ್ದೂ ಇಲ್ಲದ ಹಾಗೆ. ಇನ್ಫೊಸಿಸ್‌ನ ಅರ್ಧಕ್ಕಿಂತ ಹೆಚ್ಚು ವರಮಾನ ಉತ್ತರ ಅಮೆರಿಕದಿಂದ ಬಂದರೂ ಅದರ ಷೇರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ವಿದೇಶಿ ಹೂಡಿಕೆದಾರರು ಭಾರತದಿಂದ ಹಣ ಹಿಂತೆಗೆದಾಗ ನಿಫ್ಟಿಯ ಜೊತೆ ಅದೂ ಬೀಳುತ್ತದೆ.

ಬೆಂಗಳೂರಿನ ಐಟಿ ಉದ್ಯೋಗಿಗಳ ಕಥೆ ಉಲ್ಟಾ. ಅಮೆರಿಕದ ಕಂಪನಿಯ ಆರ್‌ಎಸ್‌ಯು (ಉದ್ಯೋಗಿಗೆ ಕಂಪನಿ ಹಂತಹಂತವಾಗಿ ಕೊಡುವ ಷೇರು) ಇದ್ದವರಿಗೆ ವಿದೇಶಿ ಪಾಲು ಬೇಕಾದಷ್ಟಿದೆ. ಆದರೆ ಎಲ್ಲವೂ ಸಂಬಳ ಕೊಡುವ ಕಂಪನಿಯಲ್ಲೇ. ಇವರು ವೆಸ್ಟ್ ಆದ, ಅಂದರೆ ಕೈಸೇರಿದ, ಷೇರು ಮಾರಿ ಹಣವನ್ನು ಬೇರೆಡೆ ಹಂಚಿ ಹೂಡಬೇಕು. ಟೆಕ್ ಕಂಪನಿಗಳೇ ಹೆಚ್ಚಿರುವ ಅಮೆರಿಕದ ಸೂಚ್ಯಂಕ ನಾಸ್ಡಾಕ್ 100ರ ಫಂಡ್ ಕೊಂಡರೆ ಅದೇ ಟೆಕ್ ಷೇರುಗಳ ಮೇಲೆ ಇನ್ನಷ್ಟು ಹೊರೆ. ಬೇರೆಬೇರೆ ಉದ್ಯಮಗಳ ದೊಡ್ಡ ಕಂಪನಿಗಳಿರುವ ಎಸ್ ಆ್ಯಂಡ್ ಪಿ 500 ವಾಸಿ.

ಉಳಿದವರಿಗೆ, ಅದರಲ್ಲೂ ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸುವವರಿಗೆ, ಷೇರು ಹೂಡಿಕೆಯಲ್ಲಿ ವಿದೇಶಿ ಪಾಲು ಶೇ 10ರಿಂದ 20 ಸಾಕು. ಸಾಮಾನ್ಯ ದಾರಿ ಫಂಡ್ ಆಫ್ ಫಂಡ್, ಅಂದರೆ ಬೇರೆ ಫಂಡ್‌ಗಳ ಮೂಲಕ ಹೊರದೇಶದಲ್ಲಿ ಹೂಡುವ ಫಂಡ್. ಆದರೆ ಮ್ಯೂಚುವಲ್ ಫಂಡ್ ಉದ್ಯಮಕ್ಕೆಲ್ಲ ಸೇರಿ ಇರುವ 700 ಕೋಟಿ ಡಾಲರ್ ವಿದೇಶಿ ಹೂಡಿಕೆಯ ಮಿತಿ 2022ರ ಆರಂಭದಲ್ಲೇ ತುಂಬಿಹೋಯಿತು. ಅಂದಿನಿಂದ ಕೆಲವು ಫಂಡ್‌ಗಳು ಹೊಸ ಹಣಕ್ಕೆ ಬಾಗಿಲು ತೆರೆಯುತ್ತವೆ, ಮುಚ್ಚುತ್ತವೆ. ಎಸ್‌ಐಪಿ (ಕಂತಿನ ಹೂಡಿಕೆ) ಹಾಕುವ ಮೊದಲು ವಿಚಾರಿಸಿ.

ಬಾಗಿಲು ಮುಚ್ಚಿದೆಯೆಂದು ಇಟಿಎಫ್‌ಗೆ (ಷೇರಿನಂತೆ ಪೇಟೆಯಲ್ಲಿ ಕೊಳ್ಳುವ ಫಂಡ್) ಹೋಗುವವರು ಎಡವುವುದು ಇಲ್ಲೇ. ಹೊಸ ಯೂನಿಟ್ ಸೃಷ್ಟಿಯಾಗದೆ ಪೇಟೆಯ ಬೆಲೆ ಎನ್‌ಎವಿಗಿಂತ (ಯೂನಿಟ್‌ನ ನಿಜವಾದ ಮೌಲ್ಯ) ಮೇಲೇರಿ ಕೂರುತ್ತದೆ. ಫಂಡ್ ಕಂಪನಿಯ ಜಾಲತಾಣದಲ್ಲಿ ಐ-ಎನ್‌ಎವಿ (ಆ ಕ್ಷಣದ ಅಂದಾಜು ಎನ್‌ಎವಿ) 200 ತೋರಿಸುತ್ತಿದೆ, ನಿಮ್ಮ ಆ್ಯಪ್‌ನಲ್ಲಿ ಬೆಲೆ 230 ಎಂದುಕೊಳ್ಳಿ. ಶೇ 15 ಹೆಚ್ಚು ಕೊಟ್ಟಿರಿ; ಇದೇ ಪ್ರೀಮಿಯಂ. ಸೂಚ್ಯಂಕ ಶೇ 10 ಏರಿ ಎನ್‌ಎವಿ 220 ಆಯಿತು, ಅಷ್ಟರಲ್ಲಿ ಪ್ರೀಮಿಯಂ ಕರಗಿತು: ಸೂಚ್ಯಂಕ ಗೆದ್ದರೂ ನಿಮಗೆ ಯೂನಿಟ್‌ಗೆ 10 ರೂಪಾಯಿ ನಷ್ಟ. ಪ್ರೀಮಿಯಂ ಶೇ 2 ದಾಟಿದರೆ ಕಾಯಿರಿ. ಕೊಳ್ಳುವಾಗ ಲಿಮಿಟ್ ಆರ್ಡರ್ (ಇಷ್ಟಕ್ಕಿಂತ ಹೆಚ್ಚು ಕೊಡೆನೆಂದು ಬೆಲೆ ನಿಗದಿಮಾಡುವ ಆರ್ಡರ್) ಮಾತ್ರ.

ಎಲ್‌ಆರ್‌ಎಸ್ (ವ್ಯಕ್ತಿಗಳು ಹೊರದೇಶಕ್ಕೆ ಹಣ ಕಳಿಸಲು ಆರ್‌ಬಿಐ ಕೊಟ್ಟಿರುವ ಅವಕಾಶ) ಮೂಲಕ ನೇರವಾಗಿ ಹಣ ಕಳಿಸಲೂಬಹುದು; ವರ್ಷಕ್ಕೆ 2,50,000 ಡಾಲರ್‌ವರೆಗೆ. 10 ಲಕ್ಷ ರೂಪಾಯಿ ಮೀರಿದ ಹೂಡಿಕೆ ಹಣಕ್ಕೆ ಶೇ 20 ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಮುರಿದುಕೊಳ್ಳುತ್ತಾರೆ (ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು). ಐಟಿಆರ್‌ನಲ್ಲಿ ವಿದೇಶಿ ಆಸ್ತಿಯ ವಿವರ ಕೊಡುವ ಷೆಡ್ಯೂಲ್ ಎಫ್‌ಎ ತುಂಬುವ ಕೆಲಸವೂ ಅಂಟಿಕೊಳ್ಳುತ್ತದೆ. ಸಣ್ಣ ಮೊತ್ತಕ್ಕೆ ಇಷ್ಟು ರಗಳೆ ಬೇಡ.

ವಿದೇಶಿ ಷೇರಿನ ಫಂಡ್ ಆಫ್ ಫಂಡ್ ಯೂನಿಟ್ 24 ತಿಂಗಳು ದಾಟಿದ ಮೇಲೆ ಮಾರಿದರೆ ಲಾಭಕ್ಕೆ ಶೇ 12.5 ತೆರಿಗೆ, ಮೊದಲೇ ಮಾರಿದರೆ ನಿಮ್ಮ ಸ್ಲ್ಯಾಬ್ ದರ. ದೇಶೀ ಷೇರು ಫಂಡ್‌ಗಿರುವ 1.25 ಲಕ್ಷದ ವಿನಾಯಿತಿ ಇದಕ್ಕಿಲ್ಲ. ಎಸ್‌ಐಪಿಯಾದರೆ ಆ 24 ತಿಂಗಳನ್ನು ಒಂದೊಂದು ಕಂತಿಗೂ ಬೇರೆಬೇರೆಯಾಗಿ ಎಣಿಸಬೇಕು.