ಶಟಲ್ ಕೋರ್ಟ್ ಬುಕಿಂಗ್ ಆ್ಯಪ್ ಮಾಡ್ತೀರಾ? ಮೊದಲು ಅಲ್ಲಿನ ನೋಟ್‌ಬುಕ್ ನೋಡಿ

ಬೆಂಗಳೂರಲ್ಲಿ ಈಗ ಯಾವ ಏರಿಯಾಗೆ ಹೋದ್ರೂ ಶೀಟ್ ಹಾಕಿರೋ ಒಂದು ಶಟಲ್ ಕೋರ್ಟು, ಸುತ್ತ ಬಲೆ ಕಟ್ಟಿರೋ ಒಂದು ಟರ್ಫು ಸಿಕ್ಕೇ ಸಿಗತ್ತೆ, ಮೈಸೂರು ಹುಬ್ಬಳ್ಳಿ ಕಡೆನೂ ಹಾಗೇ ಆಗ್ತಿದೆ. ಇವುಗಳಿಗೆ ಬುಕಿಂಗ್ ಆ್ಯಪ್ ಮಾಡೋಣ ಅಂತ ಹೊರಟಿರೋ ಹುಡುಗ್ರು ಹುಡುಗೀರು ಬಹಳ ಜನ ಫಿಗ್ಮಾ ಅನ್ನೋ ಡಿಸೈನ್ ಸಾಫ್ಟ್‌ವೇರ್ ತೆಗೆದು ಬಣ್ಣ ಆರಿಸೋದ್ರಿಂದ ಶುರು ಮಾಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ.

ಮೊದಲು ಒಂದು ಸಂಜೆ 5ರಿಂದ 10ರ ತನಕ ಕೋರ್ಟ್ ನೋಡ್ಕೊಳೋರ ಪಕ್ಕ ಕೂತ್ಕೊಳಿ. ಅವರ ಹತ್ರ ಒಂದು ಉದ್ದ ನೋಟ್‌ಬುಕ್ ಇರತ್ತೆ. ನಾನು ಕೂತಿದ್ದ ಕಡೆ ದಿನಕ್ಕೊಂದು ಪುಟ, ಎಡಗಡೆ ಟೈಮು, ರೆಗ್ಯುಲರ್ ಆಗಿ ಬರೋರ ಹೆಸರು ಕೆಂಪು ಪೆನ್ನಲ್ಲಿ, ಫೋನ್ ಮಾಡಿ ಹೇಳಿದೋರದು ಪೆನ್ಸಿಲಲ್ಲಿ, ದುಡ್ಡು ಬಂದ್ಮೇಲೆ ಪೆನ್ಸಿಲ್ ಮೇಲೇ ನೀಲಿ ಇಂಕು. ನಿಮ್ಮ ಆ್ಯಪಿನ ಡಿಸೈನ್ ಅರ್ಧ ಆ ಪುಟದಲ್ಲೇ ಇದೆ ನೋಡಿ: ಖಾಯಂ ಬುಕಿಂಗು, ದುಡ್ಡು ಬರದೇ ಹಿಡಿದಿಟ್ಟ ಸ್ಲಾಟು, ಪಕ್ಕಾ ಆದ ಸ್ಲಾಟು.

ಆಮೇಲೆ ಡೇಟಾಬೇಸ್. ಇಲ್ಲಿ ಅವಸರ ಬೇಡ, ಯಾಕಂದ್ರೆ ಒಂದೇ ಸ್ಲಾಟಿಗೆ ಎರಡು ಗುಂಪು ಬ್ಯಾಟ್ ಹಿಡ್ಕೊಂಡು ಬಂದು ನಿಂತ್ರೆ ಆ ಎರಡು ಗುಂಪಿನವರೂ ಮತ್ತೆ ನಿಮ್ಮ ಆ್ಯಪ್ ಮುಟ್ಟಲ್ಲ. "ಖಾಲಿ ಇದ್ಯಾ ಅಂತ ನೋಡು, ಇದ್ರೆ ಬುಕ್ ಮಾಡು" ಅಂತ ಕೋಡ್ ಬರೆದ್ರೆ ಸಾಲದು, ನೋಡೋದಕ್ಕೂ ಬುಕ್ ಮಾಡೋದಕ್ಕೂ ಮಧ್ಯೆ ಇನ್ನೊಬ್ರು ನುಗ್ಗಬಹುದು. ಹಾಗಾಗಿ ಪ್ರತಿ ಕೋರ್ಟಿನ ದಿನಾನ ಅರ್ಧರ್ಧ ಗಂಟೆ ತುಂಡು ಮಾಡಿ, ತುಂಡಿಗೊಂದು ಸಾಲು, ಕೋರ್ಟ್-ತಾರೀಕು-ಟೈಮ್ ಮೂರೂ ಸೇರಿ ಯೂನಿಕ್ ಇರ್ಬೇಕು, ಅಂದ್ರೆ ಅದೇ ಮೂರು ಎರಡನೇ ಸಲ ಬರಬಾರದು ಅಂತ ಡೇಟಾಬೇಸಲ್ಲೇ ರೂಲ್ ಹಾಕಿ. ಒಂದು ಗಂಟೆ ಆಟಕ್ಕೆ ಎರಡು ಸಾಲು, ಡೇಟಾಬೇಸಿನ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಒಂದೇ ಏಟಿಗೆ), ಸಿಕ್ರೆ ಎರಡೂ ಸಿಗ್ಬೇಕು ಇಲ್ಲಾಂದ್ರೆ ಎರಡೂ ಬೇಡ.

ಇನ್ನೊಂದು ಸೂಕ್ಷ್ಮ ಇದೆ. ವಾಲಿಬಾಲ್ ಕೋರ್ಟು 18 ಮೀಟರ್ ಉದ್ದ 9 ಅಗಲ, ಶಟಲ್ ಕೋರ್ಟು 13.4 ಉದ್ದ 6.1 ಅಗಲ, ಹಾಗಾಗಿ ಒಂದೇ ಹಾಲಿನ ನೆಲದ ಮೇಲೆ ಎರಡರ ಗೆರೆನೂ ಬೇರೆ ಬೇರೆ ಬಣ್ಣದಲ್ಲಿ ಎಳೆದಿರ್ತಾರೆ. ವಾಲಿಬಾಲ್ ಬುಕ್ ಆದ್ರೆ ಆ ನೆಲದಲ್ಲಿರೋ ಎರಡೂ ಶಟಲ್ ಕೋರ್ಟ್ ಮುಚ್ಚಬೇಕು. ಇದಕ್ಕೆ ಬೇರೆ ಲಾಜಿಕ್ ಬೇಡ, ಆಟದ ಹೆಸರಲ್ಲಿ ಬುಕ್ ಮಾಡದೇ ನೆಲದ ಹೆಸರಲ್ಲಿ ಮಾಡಿ: ಎಡಭಾಗ, ಬಲಭಾಗ. ಶಟಲ್‌ಗೆ ಒಂದು ಭಾಗ, ವಾಲಿಬಾಲ್‌ಗೆ ಎರಡೂ. ದೊಡ್ಡ ಟರ್ಫನ್ನ ಮಧ್ಯೆ ಬಲೆ ಇಳಿಸಿ ಎರಡು ಚಿಕ್ಕದು ಮಾಡೋ ಕಡೆನೂ ಇದೇ ಸರಿಹೋಗತ್ತೆ.

ದುಡ್ಡಿನ ವಿಷ್ಯ. ಯುಪಿಐ ಪೇ ಮಾಡೋಕೆ ಹೋದಾಗ ಸ್ಲಾಟನ್ನ ಏಳೆಂಟು ನಿಮಿಷ ಹಿಡಿದಿಡಿ, ಸ್ಕ್ರೀನಲ್ಲಿ ಟೈಮರ್ ತೋರ್ಸಿ. ಫೋನಲ್ಲಿ ಸಕ್ಸಸ್ ಅಂತ ಬಂತು ಅಂತ ನಂಬ್ಬೇಡಿ, ಪೇಮೆಂಟ್ ಗೇಟ್‌ವೇ (ಆ್ಯಪ್ ಪರವಾಗಿ ದುಡ್ಡು ತಗೊಳ್ಳೋ ಕಂಪನಿ) ನಿಮ್ಮ ಸರ್ವರ್‌ಗೆ ಕಳ್ಸೋ ಮೆಸೇಜೇ ಪಕ್ಕಾ. ಪೆಂಡಿಂಗ್ ಆಗಿ ಟೈಮ್ ಮುಗಿದ್ಮೇಲೆ ದುಡ್ಡು ಬಂದ್ರೆ, ಸ್ಲಾಟ್ ಇನ್ನೂ ಖಾಲಿ ಇದ್ರೆ ಕೊಡಿ, ಇಲ್ದಿದ್ರೆ ಕೇಳೋಕೆ ಮುಂಚೆನೇ ರೀಫಂಡ್ ಹಾಕಿ.

ಸ್ಕ್ರೀನ್‌ಗಳು ಕಷ್ಟ ಇಲ್ಲ. ಲಾಗಿನ್ ಕೇಳದೇ ಖಾಲಿ ಸ್ಲಾಟ್ ತೋರ್ಸಿ, ಒಟಿಪಿ ದುಡ್ಡು ಕೊಡೋ ಹೊತ್ತಿಗೆ ಸಾಕು. ಬಟನ್ 48 ಡಿಪಿಗಿಂತ (ಆಂಡ್ರಾಯ್ಡ್ ಸ್ಕ್ರೀನಿನ ಅಳತೆ) ಚಿಕ್ಕದು ಬೇಡ. "ಸಂಜೆ 6ರಿಂದ 7" ಅಂತ ಬರೀರಿ, ಎಎಂ ಪಿಎಂ ನೋಡ್ದೇ ಬೆಳಗ್ಗೆದು ಬುಕ್ ಮಾಡಿ ಸಂಜೆ ಬರೋರಿದಾರೆ.

ಓನರ್ ಕಡೆ ಆ್ಯಪಿಗೇ ನಾನು ಜಾಸ್ತಿ ಟೈಮ್ ಕೊಡ್ತೀನಿ. ಅವರು ಒಂದು ಕೈಲಿ ಫೋನ್, ಇನ್ನೊಂದು ಕೈಲಿ ಕಾಕ್ ಡಬ್ಬ ಹಿಡ್ಕೊಂಡಿರ್ತಾರೆ, ಫೋನಲ್ಲಿ ಬಂದ ಬುಕಿಂಗ್ ಎರಡು ಟ್ಯಾಪಲ್ಲಿ ಸೇರ್ಬೇಕು, ಹೆಸರು ನಂಬರ್ ಆಮೇಲೆ ಹಾಕ್ಕೊಳ್ಳಲಿ. ಓಪನ್ ಟರ್ಫಿಗೆ "ಮಳೆ" ಅಂತ ಒಂದೇ ಬಟನ್ ಇಡಿ, ಒತ್ತಿದ್ರೆ ಮುಂದಿನ ಎರಡು ಗಂಟೆ ಬುಕಿಂಗ್ ಎಲ್ಲಾ ರದ್ದಾಗಿ ಎಲ್ಲರಿಗೂ ಮೆಸೇಜು, ರೀಫಂಡ್ ಹೋಗ್ಬೇಕು. ಜೂನ್ ಜುಲೈಲಿ ಒಬ್ಬೊಬ್ರಿಗೂ ಫೋನ್ ಮಾಡ್ತಾ ಕೂರೋದು ಅವರಿಗೆ ನಿಜಕ್ಕೂ ಹಿಂಸೆ.

ಪ್ಲೇಸ್ಟೋರ್‌ಗೆ ಹಾಕೋಕೆ ಒಂದ್ಸಲ 25 ಡಾಲರ್ ಕಟ್ಬೇಕು. ಹೊಸ ಪರ್ಸನಲ್ ಅಕೌಂಟ್ ಆದ್ರೆ ಮೊದಲು 12 ಜನ ಟೆಸ್ಟರ್‌ಗಳು 14 ದಿನ ಬಿಡದೇ ಟೆಸ್ಟಲ್ಲಿ ಇರ್ಬೇಕು, ಹೊರಗಡೆ ಹುಡುಕ್ಬೇಡಿ, ಬೆಳಗಿನ ಬ್ಯಾಚ್ ಆಡೋರನ್ನೇ ಕೇಳಿ, ಖುಷಿಯಾಗಿ ಒಪ್ತಾರೆ.

ಆ 14 ದಿನವೂ ನೋಟ್‌ಬುಕ್ ನಿಲ್ಲಿಸ್ಬೇಡಿ. ರಾತ್ರಿ ಲೈಟ್ ಆರಿಸಿದ್ಮೇಲೆ ಪುಟಾನೂ ಆ್ಯಪೂ ಪಕ್ಕ ಪಕ್ಕ ಇಟ್ಟು ಸಾಲು ಸಾಲಾಗಿ ತಾಳೆ ನೋಡಿ. ನಮ್ಮಲ್ಲಿ ತಾಳೆ ಆಗದೇ ಉಳಿದಿದ್ದು ಬಹುಪಾಲು ಬೆಳಗ್ಗೆ 5:30ಕ್ಕೆ ಫೋನಲ್ಲಿ ಬಂದವು, ನಿದ್ದೆಗಣ್ಣಲ್ಲಿ ಮೆನು ಹುಡುಕೋಕಾಗ್ದೇ ಕೋರ್ಟ್ ನೋಡ್ಕೊಳೋರು ಪೆನ್ಸಿಲಲ್ಲಿ ಬರೆದು ಬಿಟ್ಟಿದ್ರು. ಮಾರನೇ ದಿನವೇ ಫೋನ್ ಬುಕಿಂಗ್ ಸೇರಿಸೋ ಬಟನ್ನನ್ನ ಮೊದಲ ಸ್ಕ್ರೀನಿಗೆ ತಂದ್ವಿ.