ಕಲ್ಯಾಣ ಮಂಟಪದ ಹುಲ್ಲುಹಾಸು ಮತ್ತು ಬ್ಯಾಟರಿ ಯಂತ್ರ: ನನ್ನ ಅನುಭವ

ಬಳ್ಳಾರಿಯ ಹೊರವಲಯದಲ್ಲಿರುವ ಕಲ್ಯಾಣ ಮಂಟಪವೊಂದರ ತೋಟ ಮತ್ತು ಹುಲ್ಲುಹಾಸಿನ ಉಸ್ತುವಾರಿ ನನ್ನದು. ಮದುವೆಯ ಹಂಗಾಮಿನಲ್ಲಿ ಒಳಗೆ ಒಂದು ಕಾರ್ಯಕ್ರಮ ನಡೆಯುತ್ತಿರುವಾಗಲೇ ಮರುದಿನದ ಮದುವೆಗಾಗಿ ಹೊರಗೆ ಹುಲ್ಲು ಕತ್ತರಿಸಬೇಕಾಗುತ್ತದೆ. ಪೆಟ್ರೋಲಿನ ಲಾನ್ ಮೋವರಿನ ಅಬ್ಬರಕ್ಕೆ ಅತಿಥಿಗಳು ಬೇಸರಪಡುತ್ತಿದ್ದರು. ಆದುದರಿಂದ ಮಾಲೀಕರು 36 ವೋಲ್ಟಿನ ಬ್ಯಾಟರಿ ಯಂತ್ರವನ್ನು ತರಿಸಿದರು.

ಸದ್ದು ಕಡಿಮೆಯಾದದ್ದು ಅನುಕೂಲವೇ ಸರಿ, ಆದರೆ ಈ ಯಂತ್ರದ ಮುಖ್ಯ ಅಪಾಯವೂ ಅದರಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ. ಪೆಟ್ರೋಲಿನ ಯಂತ್ರ ಚಾಲೂ ಇದೆಯೆಂಬುದನ್ನು ಅದರ ಹೊಗೆ, ನಡುಕ ಮತ್ತು ಗದ್ದಲಗಳೇ ಸಾರುತ್ತಿದ್ದವು, ಮಕ್ಕಳು ತಾವಾಗಿಯೇ ದೂರ ಸರಿಯುತ್ತಿದ್ದರು. ಬ್ಯಾಟರಿ ಯಂತ್ರ ಸುಮ್ಮನೆ ನಿಂತಿರುವಾಗಲೂ ಗುಂಡಿ ಒತ್ತಿ ಲಿವರ್ ಹಿಡಿದ ತಕ್ಷಣ ಬ್ಲೇಡು ತಿರುಗುವ ಸ್ಥಿತಿಯಲ್ಲಿರುತ್ತದೆ, ಹಗ್ಗ ಎಳೆಯುವ ಶ್ರಮವೂ ಇರುವುದಿಲ್ಲ. ಹೀಗಾಗಿ ನಾನು ಪಾಲಿಸುವ ಮೊದಲ ನಿಯಮವೆಂದರೆ, ಯಂತ್ರದಿಂದ ನಾಲ್ಕು ಹೆಜ್ಜೆ ದೂರ ಹೋಗಬೇಕಾದರೂ ಸುರಕ್ಷತಾ ಕೀಯನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುವುದು. ಬ್ಲೇಡಿನ ಹತ್ತಿರ ಕೈ ಹಾಕಬೇಕಾದರೆ ಕೀಯ ಜೊತೆಗೆ ಬ್ಯಾಟರಿಯನ್ನೂ ಹೊರತೆಗೆದು ಕಣ್ಣಿಗೆ ಕಾಣುವಂತೆ ಪಕ್ಕದಲ್ಲಿಡುವುದು.

ಕತ್ತರಿಸುವುದಕ್ಕಿಂತ ಹೆಚ್ಚಿನ ಹೊತ್ತು ನನಗೆ ನೆಲ ನೋಡುವುದಕ್ಕೇ ಹಿಡಿಯುತ್ತದೆ. ಶಾಮಿಯಾನದವರು ಗೂಟ ಕಿತ್ತುಕೊಂಡು ಹೋದ ಮೇಲೆ ಹುಲ್ಲಿನೊಳಗೆ ಮೊಳೆಗಳು, ಹೂವಿನ ಅಲಂಕಾರಕ್ಕೆ ಬಳಸಿದ ಬೈಂಡಿಂಗ್ ತಂತಿ, ಸೀರಿಯಲ್ ಲೈಟಿನ ತುಂಡು ವೈರು, ಸೋಡಾ ಬಾಟಲಿಯ ಮುಚ್ಚಳ, ಒಡೆದ ಗಾಜಿನ ಬಳೆ ಎಲ್ಲವೂ ಉಳಿದಿರುತ್ತವೆ. ಹಳೆಯ ಸ್ಪೀಕರಿನಿಂದ ಬಿಚ್ಚಿದ ದೊಡ್ಡ ಅಯಸ್ಕಾಂತವನ್ನು ಬಿದಿರು ಕೋಲಿಗೆ ಕಟ್ಟಿ ನೆಲಕ್ಕೆ ತಾಗುವಂತೆ ಸಾಲಾಗಿ ಎಳೆದುಕೊಂಡು ಹೋಗುತ್ತೇನೆ. ಗಂಟೆಯ ಕೆಲಸ ಮುಗಿಯುವಷ್ಟರಲ್ಲಿ ಅದಕ್ಕೆ ಮೊಳೆ ಮತ್ತು ತಂತಿಗಳು ಗಡ್ಡ ಬೆಳೆದಂತೆ ಅಂಟಿಕೊಂಡಿರುತ್ತವೆ. ಬಳೆಯ ಚೂರು, ತಾಮ್ರದ ವೈರು ಮತ್ತು ಕಲ್ಲುಗಳು ಅಯಸ್ಕಾಂತಕ್ಕೆ ಸಿಗುವುದಿಲ್ಲವಾದ್ದರಿಂದ ಅವನ್ನು ಬಗ್ಗಿ ಆರಿಸಬೇಕು. ಇಷ್ಟು ಕಾಳಜಿ ಏಕೆಂದರೆ, 38 ಸೆಂ.ಮೀ. ಉದ್ದದ ಬ್ಲೇಡು ನಿಮಿಷಕ್ಕೆ 3500 ಸುತ್ತು ತಿರುಗಿದಾಗ ಅದರ ತುದಿಯ ವೇಗ ಗಂಟೆಗೆ ಸುಮಾರು 250 ಕಿ.ಮೀ. ಆಗುತ್ತದೆ, ಆ ವೇಗದಲ್ಲಿ ಸಿಡಿದ ಮೊಳೆ ಕಣ್ಣಿಗೆ ಬಿದ್ದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಕನ್ನಡಕ, ಮುಚ್ಚಿದ ಬೂಟು ಮತ್ತು ಉದ್ದ ಪ್ಯಾಂಟು ಇಲ್ಲದೆ ಯಾರಿಗೂ ಯಂತ್ರ ಕೊಡುವುದಿಲ್ಲ. ನಮ್ಮ ಕಡೆ ಮಾಲಿಗಳಿಗೆ ಹವಾಯಿ ಚಪ್ಪಲಿಯೇ ರೂಢಿ, ಆದ್ದರಿಂದ ಬೂಟನ್ನು ಯಂತ್ರದ ಪಕ್ಕದಲ್ಲಿಯೇ ಇಟ್ಟಿದ್ದೇನೆ.

ಇನ್ನೊಂದು ರೂಢಿಯನ್ನು ಬಿಡಿಸುವುದು ಕಷ್ಟವಾಯಿತು. ಹಿಡಿಕೆಯ ಲಿವರನ್ನು ಕೈಬಿಟ್ಟರೆ ಮೋಟಾರು ನಿಲ್ಲಬೇಕೆಂದು ಯಂತ್ರವನ್ನು ರೂಪಿಸಿರುತ್ತಾರೆ. ಅಮೆರಿಕದಲ್ಲಿ ಹೀಗೆ ಕೈಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡು ನಿಲ್ಲಬೇಕೆಂಬ ನಿಯಮ 1982ರಿಂದಲೂ ಜಾರಿಯಲ್ಲಿದೆ. ನಮ್ಮ ಹುಡುಗನೊಬ್ಬ ಆ ಲಿವರನ್ನು ಸುತಳಿಯಿಂದ ಹಿಡಿಕೆಗೆ ಬಿಗಿಯುತ್ತಿದ್ದ. ಕೇಳಿದರೆ, “ಹಿಡ್ಕೊಂಡು ಹಿಡ್ಕೊಂಡು ಕೈ ಜೋಮು ಹಿಡೀತಾವಣ್ಣಾ” ಎಂದ. ಬೈದರೆ ನಾನಿಲ್ಲದಾಗ ಮತ್ತೆ ಕಟ್ಟುತ್ತಾನೆಂದು ತಿಳಿದಿದ್ದರಿಂದ ಕೆಲಸವನ್ನು ಎರಡು ಪಾಳಿಯಾಗಿ ಹಂಚಿದೆ, ಸುತಳಿ ತಾನಾಗಿಯೇ ಮಾಯವಾಯಿತು. ಲಿವರ್ ಬಿಟ್ಟ ಮೇಲೂ ಬ್ಲೇಡು ಕೆಲವು ಕ್ಷಣ ತಿರುಗುತ್ತದೆ, ಆದ್ದರಿಂದ ಅದು ಪೂರ್ತಿ ನಿಲ್ಲುವ ತನಕ ಹುಲ್ಲಿನ ಚೀಲ ಬಿಚ್ಚುವಂತಿಲ್ಲ. ಯಂತ್ರವನ್ನು ತನ್ನ ಕಡೆಗೆ ಹಿಂದಕ್ಕೆ ಎಳೆಯುತ್ತಾ ಕತ್ತರಿಸುವುದನ್ನೂ ನಿಲ್ಲಿಸಿದ್ದೇವೆ. ವೇದಿಕೆಯ ಹಿಂದಿನ ಇಳಿಜಾರಿನಲ್ಲಿ ಮೇಲೆ ಕೆಳಗೆ ಓಡಾಡದೆ ಅಡ್ಡಲಾಗಿಯೇ ನಡೆಯುತ್ತೇವೆ.

ಬಳ್ಳಾರಿಯ ಬಿಸಿಲಿನಲ್ಲಿ ಬ್ಯಾಟರಿಯ ಆರೈಕೆಯೇ ಒಂದು ಪ್ರತ್ಯೇಕ ಕೆಲಸ. ಲಿಥಿಯಂ ಅಯಾನ್ ಬ್ಯಾಟರಿಯನ್ನು 40 ಅಥವಾ 45 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಚಾರ್ಜ್ ಮಾಡಬಾರದೆಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ನೆರಳಿನ ಶಾಖವೇ 40 ದಾಟುತ್ತದೆ, ತಗಡಿನ ಶೆಡ್ಡಿನೊಳಗಂತೂ ಇನ್ನೂ ಹೆಚ್ಚು. ಜೊತೆಗೆ ಈಗಷ್ಟೇ ಕೆಲಸ ಮುಗಿಸಿದ ಬ್ಯಾಟರಿ ಒಳಗಿನಿಂದಲೂ ಬಿಸಿಯಾಗಿರುತ್ತದೆ. ಆದುದರಿಂದ ಹುಲ್ಲು ಕತ್ತರಿಸುವುದು ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮೊದಲು. ಚಾರ್ಜ್ ಮಾಡುವುದು ರಾತ್ರಿ, ಕಚೇರಿಯ ಕಡಪಾ ಕಲ್ಲಿನ ನೆಲದ ಮೇಲೆ, ಕಾವಲುಗಾರ ಎಚ್ಚರವಾಗಿರುವಾಗ. ಮಂಟಪದ ಉಗ್ರಾಣದಲ್ಲಿ ಪರದೆ, ಥರ್ಮಾಕೋಲ್, ಪ್ಲಾಸ್ಟಿಕ್ ಹೂಗಳು ತುಂಬಿರುವುದರಿಂದ ಚಾರ್ಜರನ್ನು ಅತ್ತ ಒಯ್ಯಲು ನಾನು ಒಪ್ಪುವುದೇ ಇಲ್ಲ. ಉಬ್ಬಿದ, ಬಿರುಕು ಬಿಟ್ಟ ಅಥವಾ ವಿಚಿತ್ರ ವಾಸನೆ ಬರುವ ಬ್ಯಾಟರಿಯನ್ನು ಚಾರ್ಜರಿಗೆ ಹಾಕದೆ ಹೊರಗೆ ಬಯಲಿನಲ್ಲಿ, ಸುಡುವ ವಸ್ತುಗಳಿಂದ ದೂರವಿಡಬೇಕು.

ಸ್ವಚ್ಛಗೊಳಿಸುವಾಗ ಪೈಪಿನ ನೀರು ಬಿಡುವುದಿಲ್ಲ. ಕೀ ಮತ್ತು ಬ್ಯಾಟರಿ ತೆಗೆದು, ಯಂತ್ರವನ್ನು ಮಗ್ಗುಲಾಗಿ ಮಲಗಿಸಿ, ಚರ್ಮದ ಕೈಗವಸು ತೊಟ್ಟು, ಮರದ ಚಕ್ಕೆಯಿಂದ ಒಣಗಿದ ಹುಲ್ಲನ್ನು ಕೆರೆದು ತೆಗೆಯುತ್ತೇನೆ. (ಆಯಿಲು ಸೋರುವ ಚಿಂತೆಯಿಲ್ಲದೆ ಯಾವ ಮಗ್ಗುಲಿಗಾದರೂ ಮಲಗಿಸಬಹುದೆಂಬುದು ಪೆಟ್ರೋಲಿನ ಯಂತ್ರ ಬಳಸಿದವರಿಗಷ್ಟೇ ಅರ್ಥವಾಗುವ ಸುಖ.) ಬ್ಲೇಡನ್ನು ಸಾಣೆ ಹಿಡಿದ ಮೇಲೆ ನಡುವಿನ ರಂಧ್ರವನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ನೋಡುತ್ತೇನೆ; ಯಾವ ತುದಿ ಕೆಳಗೆ ವಾಲುವುದೋ ಆ ಬದಿಯನ್ನು ಇನ್ನಷ್ಟು ಉಜ್ಜುತ್ತೇನೆ. ತೂಕ ಸರಿಹೊಂದದ ಬ್ಲೇಡು ಯಂತ್ರವನ್ನು ನಡುಗಿಸಿ ಬೋಲ್ಟನ್ನು ಸಡಿಲಿಸುತ್ತದೆ.

ಎತ್ತರದ ವಿಷಯದಲ್ಲಿಯೂ ಅವಸರ ಸಲ್ಲದು. ಒಂದು ಸಲಕ್ಕೆ ಹುಲ್ಲಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಿದರೆ ಹುಲ್ಲು ಸೊರಗುತ್ತದೆ, ಮೋಟಾರಿಗೂ ಹೊರೆಯಾಗಿ ಬ್ಯಾಟರಿ ಬೇಗ ಬಿಸಿಯಾಗುತ್ತದೆ. ಆಷಾಢದಲ್ಲಿ ಮದುವೆಗಳಿರದಿದ್ದರೂ ಮಳೆಗೆ ಹುಲ್ಲು ಬೆಳೆಯುತ್ತಲೇ ಇರುತ್ತದೆ, ಹಾಗಾಗಿ ಆಗಲೂ ಬಿಡುವಿಲ್ಲ. ಧನುರ್ಮಾಸದಲ್ಲಿ ಮಾತ್ರ ಯಂತ್ರಕ್ಕೆ ನಿಜವಾದ ವಿಶ್ರಾಂತಿ ಸಿಗುತ್ತದೆ. ಆ ಅವಧಿಗೆ ಬ್ಯಾಟರಿಗಳನ್ನು ಪೂರ್ತಿ ತುಂಬಿಸದೆ, ಪೂರ್ತಿ ಖಾಲಿಯೂ ಮಾಡದೆ, ಅರ್ಧದಷ್ಟು ಚಾರ್ಜಿನಲ್ಲಿ ತಂಪಾದ ಕೋಣೆಯಲ್ಲಿಡುತ್ತೇನೆ. ಆಯುಷ್ಯ ಮುಗಿದ ಬ್ಯಾಟರಿಯನ್ನು ಗುಜರಿಯವನಿಗೆ ಹಾಕುವುದಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ಉತ್ಪಾದಕರದು. ಆದುದರಿಂದ ಅದರ ತುದಿಗಳಿಗೆ ಇನ್ಸುಲೇಶನ್ ಟೇಪು ಸುತ್ತಿ, ಯಂತ್ರ ಕೊಂಡ ಅಂಗಡಿಗೇ ಒಯ್ದು ಕೊಡುತ್ತೇನೆ.