ಬಿಸಿಲು ಏರುವ ಮುಂಚೆ ಹಳೆ ಫಿಯಟ್ ಓಡಿಸಿಬಿಡಿ

ಹಳೆ ಕಾರಿನ ಬಗ್ಗೆ ಎಲ್ಲಿ ಓದಿದರೂ ಒಂದೇ ಸಲಹೆ. ಎಲೆ ಉದುರುವ ಕಾಲದಲ್ಲಿ ಮನಸಾರೆ ಓಡಿಸಿ, ಹಿಮ ಬೀಳುವ ಮುಂಚೆ ಗ್ಯಾರೇಜಿಗೆ ಸೇರಿಸಿ. ಹಿಮ ಬೀಳುವ ದೇಶದವರಿಗೆ ಅದು ಸರಿ. ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರೆ, ಆ ಉಪ್ಪು ಕಾರಿನ ತಗಡನ್ನು ತಿನ್ನುತ್ತದೆ. ಕಲಬುರಗಿಯಲ್ಲಿ ಲೆಕ್ಕ ಪೂರ್ತಿ ಉಲ್ಟಾ. ಇಲ್ಲಿ ಕಾರನ್ನು ಕಾಪಾಡಬೇಕಾದದ್ದು ಬಿಸಿಲಿನಿಂದ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಬಾಗಿಲು ಹಾಕುವ ಊರಿದು. 42, 43 ಡಿಗ್ರಿಯಲ್ಲಿ ಹಳೆ ರಬ್ಬರು, ರೆಕ್ಸಿನ್ ಸೀಟು ಏನಾಗಬೇಕು ಹೇಳಿ? ಹಾಗಾಗಿ ದಸರಾದಿಂದ ಮಾರ್ಚಿನ ಹೊತ್ತಿನ ಶರಣಬಸವೇಶ್ವರ ಜಾತ್ರೆಯವರೆಗೆ ಓಡಿಸುವ ಕಾಲ. ಯುಗಾದಿಯಿಂದ ಜೂನಿನ ಮಿರಗದ (ಮೃಗಶಿರಾ) ಮಳೆಯವರೆಗೆ ನಿಲ್ಲಿಸುವ ಕಾಲ. ಉಳಿದ ಮಳೆಗಾಲದಲ್ಲಿ ಊರೊಳಗೆ ಒಂದಿಷ್ಟು ಓಡಾಟ, ಅಷ್ಟೇ.

ನಮ್ಮದು ಅಪ್ಪಾಜಿ ಕೊಂಡ ಪ್ರೀಮಿಯರ್ ಪದ್ಮಿನಿ. ಓಣಿಯವರ ಬಾಯಲ್ಲಿ ಇಂದಿಗೂ ಫಿಯಟ್ಟೇ. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರ್, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ನಾನು ಬ್ಯಾಂಕಿನ ಕೆಲಸದಿಂದ ನಿವೃತ್ತಳಾದ ಮೇಲೆ ಅದರ ಕೀಲಿ ಪೂರ್ತಿ ನನ್ನ ಕೈಗೆ ಬಂತು. ಅಂಬಾಸಿಡರ್ ಇದ್ದವರಿಗೂ ನಾನು ಹೇಳುವುದು ಹೆಚ್ಚುಕಡಿಮೆ ಹೊಂದುತ್ತದೆ.

ಚಳಿಗಾಲದ ಓಡಾಟ ಬರೀ ಮೋಜು ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ಕಾರು ಚೆನ್ನಾಗಿ ನಿಲ್ಲಬೇಕಾದರೆ ಚಳಿಗಾಲದಲ್ಲಿ ಚೆನ್ನಾಗಿ ಓಡಿರಬೇಕು. ಓಡಿದಾಗಲೇ ಅದರ ಒಳಗಿನ ತೊಂದರೆ ಹೊರಗೆ ಬರುವುದು. ಮೂರನೇ ಗೇರಿನಲ್ಲಿ ಕೇಳಿದ ಗರ್ ಗರ್, ಬ್ರೇಕ್ ಹಿಡಿದಾಗ ಎಡಕ್ಕೆ ಎಳೆಯುವ ಚಾಳಿ, ನಿಂತ ಜಾಗದಲ್ಲಿ ಬಿದ್ದ ಆಯಿಲ್ ಹನಿ, ಎಲ್ಲವನ್ನೂ ಒಂದು ಡೈರಿಯಲ್ಲಿ ಬರೆದಿಡಿ. ಡೈರಿಯನ್ನು ಡ್ಯಾಶ್‌ಬೋರ್ಡಿನಲ್ಲೇ ಇಟ್ಟಿರಿ. ಸಾಮಾನು ಬಹಳಷ್ಟು ಹೈದರಾಬಾದಿನಿಂದ ಬರಬೇಕು, ಅದಕ್ಕೆ ದಿನ ಹಿಡಿಯುತ್ತದೆ. ಮಾರ್ಚಿನಲ್ಲಿ ಹುಡುಕಲು ಹೊರಟರೆ ತಡವಾಯಿತು. ನಮ್ಮ ಮಿಸ್ತ್ರಿ ಚಾಚಾ ಡೈರಿ ನೋಡಿ ನಗುತ್ತಾರೆ. "ಏನ್ ಅಕ್ಕಾ, ಇಲ್ಲೂ ಬ್ಯಾಂಕಿನ ಖಾತೆ ಬರೀತೀರಿ" ಅನ್ನುತ್ತಾರೆ. ಆದರೆ ಅದನ್ನು ಓದದೆ ಬಾನೆಟ್ ಎತ್ತುವುದಿಲ್ಲ.

ಮೊದಲ ದೊಡ್ಡ ಸವಾರಿಗೆ ಮುಂಚೆ ಟೈರ್ ನೋಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. 1219 ಎಂದಿದ್ದರೆ 2019ರ 12ನೇ ವಾರ. ನಮ್ಮ ಕಾರುಗಳು ಓಡುವುದೇ ಕಡಿಮೆ, ಹಾಗಾಗಿ ಟೈರು ಸವೆಯುವುದಿಲ್ಲ, ಒಣಗಿ ಬಿರಿಯುತ್ತದೆ. ಬದಿಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ನೆಲಕ್ಕೆ ತಾಗುವ ಕಡೆ ಕಚ್ಚು ಎಷ್ಟೇ ಆಳ ಉಳಿದಿದ್ದರೂ ಟೈರು ಬದಲಾಯಿಸಿ. ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟ್, ಎಂಜಿನ್ನಿಗೆ ಕಿಡಿ ಕೊಡುವ ಪಾಯಿಂಟ್, ಕಂಡೆನ್ಸರ್, ಎರಡು ಪ್ಲಗ್, ರೇಡಿಯೇಟರ್ ಹೋಸ್, ಫ್ಯೂಸ್, ಒಂದು ಕ್ಯಾನ್ ನೀರು ಇರಲಿ. ಆ ನೀರು ಬೋರ್‌ವೆಲ್ಲಿನದು ಆಗದಿರಲಿ. ನಮ್ಮ ಕಡೆಯ ಗಡಸು ನೀರು ಪಾತ್ರೆಗೆ ಬಿಳಿ ಪದರ ಕಟ್ಟುವುದನ್ನು ನೋಡಿದ್ದೀರಲ್ಲ, ರೇಡಿಯೇಟರ್ ಒಳಗೂ ಅದೇ ಆಗುತ್ತದೆ.

ಬೆಳಿಗ್ಗೆ 6ಕ್ಕೆ ಹೊರಡಿ. ಡಿಸೆಂಬರ್ ಚಳಿಯಲ್ಲಿ ಚೋಕ್ ಪೂರ್ತಿ ಎಳೆದು ಸ್ಟಾರ್ಟ್ ಮಾಡಿ, ಎಂಜಿನ್ ಬೆಚ್ಚಗಾದಂತೆ ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳಿ. ತಣ್ಣಗಿರುವಾಗ ಎಕ್ಸಿಲೇಟರ್ ಒತ್ತಿ ಗರ್ಜಿಸುವುದು ಬೇಡ, ಆಯಿಲ್ ಇನ್ನೂ ಮೇಲೆ ಏರಿರುವುದಿಲ್ಲ. 60ರ ಆಸುಪಾಸಿನಲ್ಲಿ ಎಡಗಡೆ ಹಿಡಿದು ಹೋಗಿ. ಹಿಂದಿನವನು ಹಾರ್ನ್ ಹೊಡೆದರೆ ಹೊಡೆಯಲಿ.

ನನಗೆ ಎಲ್ಲಕ್ಕಿಂತ ಇಷ್ಟದ ದಾರಿ ಬೀದರಿನದು. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಕಮಲಾಪುರ, ಹುಮನಾಬಾದ್ ದಾಟಿ ನೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳಲು ನಿಲ್ಲಲೇಬೇಕು. ಎಂಜಿನ್ನಿಗೂ ಒಂದು ವಿರಾಮ, ಬಾನೆಟ್ ಎತ್ತಿ ಹೋಸ್, ಬೆಲ್ಟ್ ನೋಡಲು ಒಳ್ಳೆ ನೆಪ. ನವೆಂಬರಿನಲ್ಲಿ ಹೋದರೆ ಎರಡೂ ಕಡೆ ತೊಗರಿ ಹಳದಿ ಹೂವಿನಲ್ಲಿ ನಿಂತಿರುತ್ತದೆ. ಕಿಟಕಿ ಇಳಿಸಿ ಓಡಿಸಿ, ಈ ಕಾರಿನಲ್ಲಿ ಎಸಿ ಇಲ್ಲದ್ದಕ್ಕೆ ಬೇಜಾರಾಗದ ಕಾಲ ಅದೊಂದೇ. ಹುಮನಾಬಾದಿನಲ್ಲಿ ಹೈದರಾಬಾದ್ ಹೆದ್ದಾರಿ ಅಡ್ಡ ಬರುತ್ತದೆ, ಲಾರಿಗಳ ಸಾಲು ಜೋರು. ಡ್ರಮ್ ಬ್ರೇಕಿನ ಗಾಡಿ ಹೊಸ ಕಾರಿನ ಹಾಗೆ ತಟ್ಟನೆ ನಿಲ್ಲದು, ಮುಂದಿನ ಗಾಡಿಗೂ ನಿಮಗೂ ಧಾರಾಳ ಜಾಗ ಬಿಡಿ. ಆ ಜಾಗಕ್ಕೆ ಬೈಕಿನವರು ನುಗ್ಗುತ್ತಾರೆ. ಮತ್ತೆ ಬಿಡಿ.

ಬೀದರ್ ನಮಗಿಂತ ಎತ್ತರದಲ್ಲಿದೆ. ಕಪ್ಪು ಮಣ್ಣು ಹೋಗಿ ಕೆಂಪು ಮಣ್ಣು ಶುರುವಾದಂತೆ ಗಾಳಿಯೂ ತಂಪಾಗುತ್ತದೆ. ಏರಿನಲ್ಲಿ ನಾಲ್ಕನೇ ಗೇರಿನಲ್ಲೇ ಒದ್ದಾಡಿಸದೆ ಮೂರಕ್ಕೆ ಇಳಿಸಿ, ಟೆಂಪರೇಚರ್ ಮುಳ್ಳಿನ ಮೇಲೆ ಒಂದು ಕಣ್ಣಿಡಿ. 1472ರ ಮಹಮೂದ್ ಗವಾನ್ ಮದರಸಾ, ಕೋಟೆ, ಅಷ್ಟೂರಿನ ಬಹಮನಿ ಸುಲ್ತಾನರ ಗೋರಿಗಳು, ಒಂದು ದಿನಕ್ಕೆ ಸಾಕು. ಫಿಯಟ್ಟನ್ನು ನೆರಳು ನೋಡಿ ನಿಲ್ಲಿಸಿ ನಡೆದೇ ಸುತ್ತಿ. ಆದರೆ ಮಧ್ಯಾಹ್ನ 3ಕ್ಕೆಲ್ಲ ವಾಪಸ್ ಹೊರಡಬೇಕು. ಕಬ್ಬಿನ ಹಂಗಾಮಿನಲ್ಲಿ ಕತ್ತಲಾದ ಮೇಲೆ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ಹಿಂದೆ ಒಂದು ಲೈಟೂ ಇಲ್ಲದೆ ಹೋಗುತ್ತಿರುತ್ತವೆ. ಫಿಯಟ್ಟಿನ ಮಂಕು ಹೆಡ್‌ಲೈಟಿಗೆ ಅವು ಕಾಣುವುದು ತೀರಾ ಹತ್ತಿರ ಬಂದ ಮೇಲೆ.

ಹತ್ತಿರದ ಸವಾರಿಗೆ ಸೇಡಂ ರಸ್ತೆಯಲ್ಲಿ ಮಳಖೇಡ ಇದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಕಾಗಿಣಾ ನದಿ ದಂಡೆಯ ಕೋಟೆ. ಸಿಮೆಂಟ್ ಲಾರಿ ಜಾಸ್ತಿ, ಬಂದ ಮೇಲೆ ಏರ್ ಫಿಲ್ಟರ್ ಕೊಡವಿ. ದತ್ತಾತ್ರೇಯನ ಗಾಣಗಾಪುರಕ್ಕೆ ಜನಜಂಗುಳಿಯ ಹುಣ್ಣಿಮೆ ಬಿಟ್ಟು ಬೇರೆ ದಿನ ಹೋಗಿ.

ಇನ್ನು ಎಳ್ಳ ಅಮಾವಾಸ್ಯೆ. ಅವತ್ತು ಇಡೀ ಜಿಲ್ಲೆ ಹೊಲಕ್ಕೆ ಹೊರಡುತ್ತದೆ, ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಬುತ್ತಿ ಕಟ್ಟಿಕೊಂಡು. ಫಿಯಟ್ಟಿಗೆ ಅದಕ್ಕಿಂತ ಒಳ್ಳೆ ದಿನ ಇಲ್ಲ, ಡಿಕ್ಕಿಯಲ್ಲಿ ಇಡೀ ಮನೆಯ ಊಟ ಹಿಡಿಸುತ್ತದೆ. ಕಾರನ್ನು ಮಾತ್ರ ರಸ್ತೆಯ ಮೇಲೇ ಬಿಡಿ. ಎರೆ ಹೊಲ ಮೇಲೆ ಒಣಗಿದಂತೆ ಕಂಡರೂ ನೀರು ಬಿಟ್ಟಿದ್ದರೆ ಚಕ್ರ ಹೂತು ಕೂರುತ್ತದೆ. ಆಮೇಲೆ ರಾಶಿಯ ದಿನಗಳು. ಕೆಲವರು ಕಟಾವಾದ ಬೆಳೆಯನ್ನು ರಸ್ತೆ ಮೇಲೆ ಹರಡಿರುತ್ತಾರೆ, ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು. ಅದರ ಮೇಲೆ ಹೋಗಬೇಡಿ. ಒಣ ದಂಟು ಕಾರಿನ ಅಡಿಯಲ್ಲಿ ತಿರುಗುವ ಪ್ರೊಪೆಲ್ಲರ್ ಶಾಫ್ಟಿಗೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿ ಹತ್ತಬಹುದು. ಸುತ್ತು ಬಳಸಿ ಹೋಗಿ, ಇಲ್ಲವೇ ಇಳಿದು ಒಂದು ಬದಿ ಸರಿಸಿಕೊಡಲು ಕೇಳಿ. "ಬರ್ರಿ ಅಕ್ಕಾರ" ಎಂದು ದಾರಿ ಬಿಡುತ್ತಾರೆ, ಹಳೆ ಗಾಡಿ ಕಂಡರೆ ಇನ್ನೂ ಬೇಗ.

ಫೆಬ್ರವರಿ ಮಧ್ಯಾಹ್ನದಲ್ಲಿ ಕಾರು ಕಾರಣವಿಲ್ಲದೆ ಜರ್ಕ್ ಹೊಡೆದು ನಿಂತರೆ ಗಾಬರಿ ಬೇಡ. ಬಿಸಿಗೆ ಪೆಟ್ರೋಲು ಎಂಜಿನ್ನಿನ ಫ್ಯೂಯೆಲ್ ಪಂಪಿನಲ್ಲೇ ಆವಿಯಾಗಿರುತ್ತದೆ. ಒದ್ದೆ ಬಟ್ಟೆಯನ್ನು ಪಂಪು ಮತ್ತು ಪೈಪಿಗೆ ಸುತ್ತಿ ಸ್ವಲ್ಪ ಹೊತ್ತು ಕಾಯಿರಿ. ಇದು ಎರಡು ಸಲ ಆಯಿತೆಂದರೆ ಸೀಸನ್ ಮುಗಿಯಿತು ಎಂದೇ ತಿಳಿಯಿರಿ.

ಇಲ್ಲಿ ಒಂದು ಕಾಗದದ ವಿಷಯ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರಿನಲ್ಲಿ ವಿಎ ಅಕ್ಷರ ಬರುತ್ತದೆ. ಕೇಳಲು ಚೆಂದ. ಆದರೆ ಆ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ, ಇಷ್ಟಕ್ಕೇ ರಸ್ತೆಗಿಳಿಯಬೇಕು. ಕೆಂಪು ಬಾಳೆಹಣ್ಣು ತರಲು ಹೋಗುವ ಆಸೆ ಇದ್ದರೆ ಮಾಮೂಲಿ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡಿರಿ.

ಈಗ ನಿಲ್ಲಿಸುವ ಕೆಲಸ. ಕೊನೆಯ ಸವಾರಿಯೇ ಇದರ ಮೊದಲ ಹೆಜ್ಜೆ. ಹಿಂದಿನ ದಿನ ಕಾರಿನ ಅಡಿಭಾಗದ ಎರೆ ಮಣ್ಣನ್ನೆಲ್ಲ ನೀರು ಹೊಡೆದು ಬಿಡಿಸಿ. ಮರುದಿನ ಇಪ್ಪತ್ತು, ಮೂವತ್ತು ಕಿಲೋಮೀಟರ್ ಓಡಿಸಿದರೆ ಮೂಲೆಮೂಲೆಯ ನೀರೂ ಆರುತ್ತದೆ, ಆಯಿಲ್ ಬಿಸಿಯಾಗಿ ಕೊಳೆಯೆಲ್ಲ ಅದರಲ್ಲಿ ತೇಲುತ್ತಿರುತ್ತದೆ. ಮನೆಗೆ ಬಂದ ತಕ್ಷಣ ಅದನ್ನು ಇಳಿಸಿ ಹೊಸ ಆಯಿಲ್ ಹಾಕಿ. ಹಳೆ ಆಯಿಲಿನ ಆಮ್ಲ ಮೂರು ತಿಂಗಳು ಬೇರಿಂಗಿನ ಮೇಲೆ ಕೂತಿರುವುದು ಬೇಡ.

ಪೆಟ್ರೋಲಿನ ಬಗ್ಗೆ ನಾನು ಸ್ವಲ್ಪ ಹಟಮಾರಿ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತದ್ದು. ನಮ್ಮ ರೈತರ ಕಬ್ಬಿಗೆ ಅದರಿಂದ ಒಳ್ಳೆಯದೇ, ಆದರೆ ಹಳೆ ಫಿಯಟ್ಟಿನ ರಬ್ಬರ್ ಪೈಪು, ಗ್ಯಾಸ್ಕೆಟ್ ಅದಕ್ಕಾಗಿ ಮಾಡಿದ್ದಲ್ಲ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಹಾಗಾಗಿ ಟ್ಯಾಂಕನ್ನು ಖಾಲಿ ಮಾಡಿಸಿ. ಪಂಪಿನ ಪೈಪು ಬಿಚ್ಚಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಎಂಜಿನ್ ಓಡಲಿ. ರಬ್ಬರ್ ಪೈಪುಗಳನ್ನು ಎಥನಾಲ್ ತಡೆಯುವ ಜಾತಿಗೆ ಬದಲಾಯಿಸಿದರೆ ಇನ್ನೂ ವಾಸಿ.

ಬ್ಯಾಟರಿಯ ನೆಗೆಟಿವ್ ಕಡೆ ಮೊದಲು ಬಿಚ್ಚಿ, ಹೊರಗೆ ತೆಗೆದು ತಂಪಿನಲ್ಲಿಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಟೈರಿಗೆ ಮಾಮೂಲಿಗಿಂತ ಐದಾರು ಪೌಂಡ್ ಗಾಳಿ ಜಾಸ್ತಿ. ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಇಟ್ಟಿಗೆ ಕೊಡಿ. ಮಣ್ಣಿನ ನೆಲಕ್ಕಿಂತ ಶಹಾಬಾದ್ ಕಲ್ಲು ಹಾಸಿದ ನೆಲ ಒಳ್ಳೆಯದು. ಮುಚ್ಚಲು ಹಳೆ ಹತ್ತಿ ಬೆಡ್‌ಶೀಟುಗಳನ್ನು ಹೊಲಿಸಿ, ಪ್ಲಾಸ್ಟಿಕ್ ತಾಡಪತ್ರಿ ಒಳಗೆ ಕಾರು ಬೇಯುತ್ತದೆ. ಸೈಲೆನ್ಸರ್ ಬಾಯಿಗೂ ಏರ್ ಫಿಲ್ಟರಿಗೂ ಇಲಿ ನುಗ್ಗದಂತೆ ಬಟ್ಟೆ ತುರುಕಿ, ತುರುಕಿದ್ದನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗಿಗೆ ಕಟ್ಟಿ.

ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಎಂದು ಹೇಳುವವರು ಬಹಳ. ಕೇಳಬೇಡಿ. ಅಷ್ಟರಲ್ಲಿ ಎಂಜಿನ್ ಪೂರ್ತಿ ಬಿಸಿಯಾಗದೆ ಸೈಲೆನ್ಸರಿನಲ್ಲಿ ನೀರು ಉಳಿಯುತ್ತದೆ, ತುಕ್ಕು ಹಿಡಿಯುತ್ತದೆ.

ಜೂನಿನಲ್ಲಿ ತೆಗೆಯುವಾಗ ಮೊದಲು ಆ ಚೀಟಿ ಓದಿ, ಬಟ್ಟೆಗಳನ್ನು ತೆಗೆಯಿರಿ. ಬ್ರೇಕ್ ಆಯಿಲ್ ಮಟ್ಟ ನೋಡಿ, ಪೆಡಲ್ ಗಟ್ಟಿಯಾಗಿದೆಯೇ ಒತ್ತಿ ನೋಡಿ. ಪ್ಲಗ್ ಬಿಚ್ಚಿ ಎಂಜಿನ್ನನ್ನು ಕೆಲವು ಸುತ್ತು ತಿರುಗಿಸಿದ ಮೇಲೆ ಪ್ಲಗ್, ಪಂಪಿನ ಪೈಪು, ಬ್ಯಾಟರಿ ಎಲ್ಲ ಮತ್ತೆ ಜೋಡಿಸಿ, ಹೊಸ ಪೆಟ್ರೋಲ್ ಹಾಕಿ ಸ್ಟಾರ್ಟ್ ಮಾಡಿ. ವೈಪರಿನ ರಬ್ಬರು ಬೇಸಿಗೆಯಲ್ಲಿ ಒಣಗಿ ಕಡ್ಡಿಯಾಗಿರುತ್ತದೆ, ಮಳೆ ಬೀಳುವ ಮುಂಚೆಯೇ ಹೊಸದು ತಂದಿಡಿ.